ಬೆಂಕಿ ಕೊಡುವ ಮುನ್ನ ನೀರನ್ನು ನೋಡು

ಮಗೂ,

ನಾಗಪುರದ ಅಂಚಿನ ಆ ಕೆರೆಯಲ್ಲಿ ಒಣಗಿ ನಿಂತಿರುವ ಜೊಂಡಿಗೆ ಫೆಬ್ರವರಿಯಲ್ಲೇ ಬೆಂಕಿ ಕೊಟ್ಟು ಕೆರೆ ಹಸನು ಮಾಡಬೇಕೆಂದು ನಿನ್ನ ಗೆಳೆಯರ ಗುಂಪು ಮಾತಾಡಿಕೊಂಡಿದೆಯಂತೆ. "ದೊಡ್ಡಪ್ಪ, ನೀವು ಇಷ್ಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವರು, ಏನು ಹೇಳುತ್ತೀರಿ?" ಎಂದು ಕೇಳಿದ್ದೀಯ. ಫೋನಿನಲ್ಲಿ ಹೌದು ಅಥವಾ ಬೇಡ ಎಂದು ಹೇಳಿ ಮುಗಿಸುವ ವಿಷಯ ಇದಲ್ಲ. ನಿಮ್ಮ ವಯಸ್ಸಿನವರು ರಜೆಯ ದಿನ ಬಿಟ್ಟುಕೊಟ್ಟು ಕೆರೆಯ ಕೆಸರಿಗೆ ಇಳಿಯುತ್ತೀರಲ್ಲ, ಆ ಶ್ರಮ ವ್ಯರ್ಥವಾಗಬಾರದು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ತಿರುಳನ್ನು ಹೇಳಿಬಿಡುತ್ತೇನೆ. ಜೌಗಿನ ಗಿಡ ಉಳಿಯುವುದೋ ಅಳಿಯುವುದೋ ಎಂಬುದನ್ನು ಬೆಂಕಿಯೊಂದೇ ತೀರ್ಮಾನಿಸುವುದಿಲ್ಲ. ಬೆಂಕಿ ಬಿದ್ದಾಗ ಬುಡದಲ್ಲಿ ಎಷ್ಟು ನೀರಿತ್ತು, ಆಮೇಲೆ ಎಷ್ಟು ನೀರು ಬಂತು, ಎಷ್ಟು ದಿನ ನಿಂತಿತು ಎಂಬುದು ತೀರ್ಮಾನಿಸುತ್ತದೆ. ಆದ್ದರಿಂದ ಕೆರೆಯಲ್ಲಿ ಬೆಂಕಿ ಕೊಡಲು ಹೊರಟವರು ಮೊದಲು ಕಲಿಯಬೇಕಾದದ್ದು ನೀರಿನ ಲೆಕ್ಕ.

ನಿಮ್ಮ ಕೆರೆಯಲ್ಲಿರುವುದು ಟೈಫಾ. ನಮ್ಮ ಕನ್ನಡದಲ್ಲಿ ಜೊಂಡು, ಆಪು ಎನ್ನುತ್ತಾರೆ. ಇಲ್ಲಿಯ ಮರಾಠಿಯವರು ಪಾಣಕಣಿಸ ಎನ್ನುತ್ತಾರೆ. ಫೆಬ್ರವರಿಯಲ್ಲಿ ನಿನಗೆ ಕಾಣುವುದು ಒಣಗಿದ ಎಲೆ, ಒಣಗಿದ ದಂಟು, ಉದುರುತ್ತಿರುವ ಕಂದು ತೆನೆ. ಗಿಡ ಸತ್ತಿದೆ ಅನ್ನಿಸುತ್ತದೆ. ನಿಜವಾದ ಗಿಡ ಕೆಸರಿನೊಳಗಿದೆ. ಅಲ್ಲಿ ಅಡ್ಡಡ್ಡ ಹರಿದಿರುವ ದಪ್ಪ ಕಾಂಡವೇ ಅದರ ಹಗೇವು: ವರ್ಷವಿಡೀ ಎಲೆ ದುಡಿದದ್ದೆಲ್ಲ ಪಿಷ್ಟವಾಗಿ ಅಲ್ಲಿ ತುಂಬಿರುತ್ತದೆ. ಮುಂದಿನ ಚಿಗುರಿನ ಮೊಗ್ಗುಗಳೂ ಅಲ್ಲೇ ಇರುತ್ತವೆ. ಮೇಲೆ ಎಷ್ಟೇ ಎತ್ತರದ ಜ್ವಾಲೆ ಎದ್ದರೂ ಹಸಿ ಕೆಸರಿನೊಳಗೆ ಶಾಖ ಇಳಿಯುವುದಿಲ್ಲ. ಮಣ್ಣಿನಲ್ಲಿ ನೀರಿರುವವರೆಗೆ ಅದರ ಉಷ್ಣತೆ 100 ಡಿಗ್ರಿ ದಾಟಲಾರದು. ಮೊದಲು ಆ ನೀರೆಲ್ಲ ಆವಿಯಾಗಬೇಕು. ಒಣ ಎಲೆಯ ಬೆಂಕಿ ಅಷ್ಟು ಹೊತ್ತು ಒಂದೇ ಕಡೆ ನಿಲ್ಲುವುದೂ ಇಲ್ಲ, ಸರಸರನೆ ಮುಂದೆ ಸಾಗುತ್ತದೆ. ಹೀಗಾಗಿ ಕೆಲವೇ ಸೆಂಟಿಮೀಟರ್ ಆಳದಲ್ಲಿರುವ ಮೊಗ್ಗಿಗೆ ಮೇಲೆ ಏನಾಯಿತೆಂಬುದೇ ತಟ್ಟುವುದಿಲ್ಲ.

ಬೆಂಕಿ ಅದಕ್ಕೆ ಉಪಕಾರವನ್ನೂ ಮಾಡುತ್ತದೆ. ಹಳೆಯ ಎಲೆಗಳ ದಪ್ಪ ಹೊದಿಕೆ ಹೋದ ಮೇಲೆ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಕಪ್ಪಾದ ನೆಲ ಬೇಗ ಕಾಯುತ್ತದೆ. ಬೂದಿಯಲ್ಲಿ ಗೊಬ್ಬರದ ಅಂಶವಿರುತ್ತದೆ. ಚಿಗುರು ಬೇಗ ಬರುತ್ತದೆ, ಮೊದಲಿಗಿಂತ ಒತ್ತಾಗಿ ಬರುತ್ತದೆ. ಅಷ್ಟೇ ಅಲ್ಲ, ಜೊಂಡಿನ ಒಂದು ತೆನೆಯಲ್ಲಿ ಲಕ್ಷಕ್ಕೂ ಮೀರಿ ಬೀಜಗಳಿರಬಹುದು. ಅವು ಮೊಳೆಯಲು ಬೇಕಾದದ್ದು ತೇವದ, ಬಿಸಿಲು ಬೀಳುವ, ಬರಿದಾದ ಕೆಸರು. ಫೆಬ್ರವರಿಯ ಬೆಂಕಿ ಅಂಥ ಜಾಗವನ್ನೇ ಮಾಡಿಕೊಡುತ್ತದೆ. ನೀವು ಸುಟ್ಟ ಸಂಜೆ ಕೆರೆ ಬಯಲಾಗಿ ಕಾಣುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ. ಏಪ್ರಿಲ್ ಹೊತ್ತಿಗೆ ಅಲ್ಲಿ ಹಸಿರು ಜೊಂಡು ಮತ್ತೆ ಸೊಂಟದೆತ್ತರಕ್ಕೆ ನಿಂತಿದ್ದರೆ ಆಶ್ಚರ್ಯಪಡಬೇಡ.

ಹಾಗಾದರೆ ಜೊಂಡನ್ನು ಹಿಡಿತದಲ್ಲಿಡುವುದು ಹೇಗೆ? ಅದರ ಉಸಿರಾಟ ಗೊತ್ತಾದರೆ ದಾರಿ ತಾನೇ ತೋರುತ್ತದೆ. ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಒಳಗಿನ ಕಾಂಡಕ್ಕೆ ಬೇಕಾದ ಗಾಳಿ ಎಲೆ ಮತ್ತು ದಂಟಿನೊಳಗಿನ ಗಾಳಿಯ ಪೊಳ್ಳುಗಳ ಮೂಲಕ ಕೆಳಗಿಳಿಯುತ್ತದೆ. ಒಣಗಿದ ದಂಟೂ ಈ ಕೆಲಸ ಮಾಡುತ್ತಿರುತ್ತದೆ. ನಾವು ಕಸವೆಂದು ತಿಳಿಯುವ ಒಣ ಕಡ್ಡಿ ಅದಕ್ಕೆ ಉಸಿರಿನ ಕೊಳವೆ. ಈ ಕೊಳವೆಗಳನ್ನೆಲ್ಲ ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಯ ಮೇಲೆ ನೀರು ಏರಿ ಕೆಲವು ವಾರ ನಿಂತರೆ ಒಳಗಿನ ಕಾಂಡ ಉಸಿರುಕಟ್ಟಿ ಕೊಳೆಯುತ್ತದೆ. ಸುಟ್ಟ ಬೊಡ್ಡೆಯ ಮೇಲೆ ನೀರು ನಿಂತರೂ ಫಲ ಅದೇ. ಅಂದರೆ ಜೊಂಡನ್ನು ಕೊಲ್ಲುವುದು ನೀರು. ಕತ್ತಿಯಾಗಲಿ ಬೆಂಕಿಯಾಗಲಿ ನೀರಿಗೆ ದಾರಿ ಮಾಡಿಕೊಡುತ್ತದೆ ಅಷ್ಟೆ.

ಇದು ನಮ್ಮ ಕೆರೆಗಳಿಗಷ್ಟೇ ಸಲ್ಲುವ ಮಾತಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಎವರ್‌ಗ್ಲೇಡ್ಸ್ ಎಂಬ ದೊಡ್ಡ ಜೌಗು ಪ್ರದೇಶವಿದೆ. ಅಲ್ಲಿಯ ರಾಷ್ಟ್ರೀಯ ಉದ್ಯಾನದಲ್ಲಿ 1958ರಿಂದಲೇ ಲೆಕ್ಕ ಹಾಕಿ ಬೆಂಕಿ ಕೊಡುತ್ತಿದ್ದಾರೆ. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದಕ್ಕೆ ಮೊದಲು ಕೈಹಾಕಿದ್ದು ಅದೇ. ಅಲ್ಲಿ ಸಾಗ್ರಾಸ್ ಎಂಬ, ಗರಗಸದಂಥ ಅಂಚಿನ ಎಲೆಯ ಸಸ್ಯ ಮೈಲಿಗಟ್ಟಲೆ ಬೆಳೆದಿದೆ. ಕೆಳಗೆ ನೀರಿದ್ದಾಗ ಅದು ಸುಟ್ಟರೆ ಕೆಲವೇ ದಿನಗಳಲ್ಲಿ ಹೊಸ ಎಲೆ ಹೊರಡುತ್ತದೆ. ಅದೇ ಸಾಗ್ರಾಸ್ ಸುಟ್ಟ ಕೂಡಲೇ ನೀರು ಏರಿ ಆ ಎಳೆ ಎಲೆಯನ್ನು ಮುಳುಗಿಸಿದರೆ ಗಿಡ ಸಾಯುತ್ತದೆ. ಇನ್ನು ಬರಗಾಲದಲ್ಲಿ, ಕೊಳೆತ ಸಸ್ಯಗಳಿಂದಲೇ ಆದ ಅಲ್ಲಿಯ ಮಣ್ಣು ಒಣಗಿರುವಾಗ ಬೆಂಕಿ ಬಿದ್ದರೆ ಮಣ್ಣೇ ಉರಿಯುತ್ತದೆ, ಬೇರು ಸಮೇತ ಎಲ್ಲ ಹೋಗಿ ನೆಲ ತಗ್ಗಾಗುತ್ತದೆ. ಗಿಡ ಒಂದೇ; ನೀರಿನ ಮಟ್ಟಕ್ಕೆ ತಕ್ಕಂತೆ ಫಲ ಮೂರು ಬಗೆ. ಇಂಡೋನೇಷ್ಯಾದಲ್ಲಿ ಕಾಲುವೆ ತೋಡಿ ಜೌಗಿನ ನೀರು ಬಸಿದ ಮೇಲೆ 1997ರಲ್ಲೂ 2015ರಲ್ಲೂ ಅಂಥ ಮಣ್ಣು ತಿಂಗಳುಗಟ್ಟಲೆ ಉರಿದು, ಹೊಗೆ ಸಿಂಗಾಪುರ, ಮಲೇಷ್ಯಾದವರೆಗೂ ಕವಿಯಿತು. ನಾಗಪುರದ್ದು ಎರೆಮಣ್ಣು, ಹಾಗೆ ಉರಿಯುವುದಿಲ್ಲ. ಆದರೂ ನೀರಿನ ಪಾಠ ನಮಗೂ ಒಂದೇ.

ಈಗ ಆ ಪಾಠವನ್ನು ನಾಗಪುರದ ಪಂಚಾಂಗಕ್ಕೆ ಹೊಂದಿಸಿ ನೋಡು. ಇಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಅಕ್ಟೋಬರ್‌ನಿಂದ ಕೆರೆ ಇಳಿಯತೊಡಗುತ್ತದೆ. ಫೆಬ್ರವರಿಯಲ್ಲಿ ಅಂಚಿನ ಕೆಸರು ಇನ್ನೂ ಹಸಿ. ಆಗ ಸುಟ್ಟರೆ ಬೇರಿಗೆ ಏನೂ ಆಗುವುದಿಲ್ಲ, ಮುಳುಗಿಸಲು ನೀರೂ ಬರುವುದಿಲ್ಲ. ಚಿಗುರಿಕೊಳ್ಳಲು ಅದಕ್ಕೆ ನಾಲ್ಕು ತಿಂಗಳು ಕೊಟ್ಟಂತೆ. ಮೇ ಕೊನೆಗೆ ಸುಡೋಣವೆಂದರೆ, 2013ರ ಮೇ 23ರಂದು 47.9 ಡಿಗ್ರಿ ಕಂಡ ಊರು ಇದು. ಆ ಬಿಸಿಗಾಳಿಯಲ್ಲಿ ಹಚ್ಚಿದ ಬೆಂಕಿ ಯಾರ ಮಾತನ್ನೂ ಕೇಳುವುದಿಲ್ಲ. ಕೆರೆಯಂಚಿನಿಂದ ಕುರುಚಲಿಗೆ, ಕುರುಚಲಿನಿಂದ ಕಾಡಿಗೆ ಹೋದ ಮೇಲೆ ನಿಮ್ಮ ಬಕೆಟ್ಟುಗಳು ಯಾವ ಲೆಕ್ಕಕ್ಕೂ ಇಲ್ಲ. ಫೆಬ್ರವರಿ ಮಧ್ಯದಿಂದ ಜೂನ್ ಮಧ್ಯದವರೆಗೆ ಮಹಾರಾಷ್ಟ್ರದ ಅರಣ್ಯ ಇಲಾಖೆ ಬೆಂಕಿಯ ಕಾಲವೆಂದೇ ಕಾವಲು ಕಾಯುತ್ತದೆ. ಅದಕ್ಕೂ ಮೊದಲೇ ಪೆಂಚ್, ತಾಡೋಬಾ ಕಾಡುಗಳಲ್ಲಿ ಸಿಬ್ಬಂದಿ ಬೆಂಕಿ ತಡೆ ರೇಖೆಗಳ ಹುಲ್ಲು ಕೊಯ್ದು ಸುಟ್ಟು ಮುಗಿಸಿರುತ್ತಾರೆ. ಹಿಪ್ಪೆ ಹೂ ಆರಿಸಲು ಅನುಕೂಲವಾಗಲೆಂದು ಮರದ ಬುಡದ ತರಗಿಗೆ ಹಚ್ಚಿದ ಸಣ್ಣ ಕಿಡಿ ಎಷ್ಟೋ ಕಾಡನ್ನು ಸುಟ್ಟಿರುವ ನಾಡು ಇದು.

ಹಾಗಾಗಿ ನಿಮಗೆ ನಾನು ಹೇಳುವ ದಾರಿ ಕುಡುಗೋಲಿನದು. ಮೇ ಕೊನೆಯ ವಾರದಿಂದ ಮುಂಗಾರು ಮುಟ್ಟುವವರೆಗೆ, ಬೆಳಗಿನ ತಂಪಿನಲ್ಲಿ, ಜೊಂಡನ್ನು ಹಸಿ ಒಣ ಎನ್ನದೆ ನೆಲಕ್ಕೆ ಒತ್ತಿ ಕೊಯ್ಯಿರಿ. ಕೆರೆ ತುಂಬಿದಾಗ ಮೊದಲು ಮುಳುಗುವ ತಗ್ಗಿನಿಂದ ಶುರುಮಾಡಿ. ಒಂದು ದಂಟೂ ನೀರಿನ ಮೇಲೆ ತಲೆ ಎತ್ತಿರಬಾರದು. ಎತ್ತಿದರೆ ಅದೇ ಇಡೀ ಗುಂಪಿಗೆ ಉಸಿರು ಕೊಡುತ್ತದೆ. ಮಳೆಯ ನೀರು ಏರಿ ಕೊಯ್ದ ಬುಡವನ್ನು ಮುಚ್ಚಲಿ. ತಪ್ಪಿಸಿಕೊಂಡು ಮೇಲೆದ್ದದ್ದನ್ನು ತೆನೆ ಬಿಡುವ ಹೊತ್ತಿಗೆ ನೀರಿನೊಳಗೇ ಇನ್ನೊಮ್ಮೆ ಕೊಯ್ಯಿರಿ. ಆ ಹೊತ್ತಿಗೆ ಒಳಗಿನ ಪಿಷ್ಟವೆಲ್ಲ ಮೇಲಕ್ಕೆ ಖರ್ಚಾಗಿ ಬೇರು ಅತ್ಯಂತ ಬಡವಾಗಿರುತ್ತದೆ.

ಕೊಯ್ದದ್ದನ್ನು ದಡದಲ್ಲಿ ಗುಡ್ಡೆ ಹಾಕಿ ಸುಡಬೇಡಿ, ಕೆರೆಯಿಂದ ದೂರ ಒಯ್ಯಿರಿ. ಕಾರಣ ಹೇಳುತ್ತೇನೆ. ಜೊಂಡು ಇಷ್ಟು ಸೊಕ್ಕಿ ಬೆಳೆದಿರುವುದು ಊರಿನ ಕೊಳಚೆ ತಿಂದು. ನೀರಿಗೆ ಬಂದ ಸಾರಜನಕ, ರಂಜಕವನ್ನು ಹೀರಿ ಅದು ಮೈಯಲ್ಲಿ ಇಟ್ಟುಕೊಂಡಿದೆ. ಸುಟ್ಟರೆ ಸಾರಜನಕದ ಬಹುಭಾಗ ಹೊಗೆಯಲ್ಲಿ ಹೋಗುತ್ತದೆ, ರಂಜಕ ಮಾತ್ರ ಬೂದಿಯಲ್ಲಿ ಉಳಿದು ಮೊದಲ ಮಳೆಗೇ ಕೆರೆಗೆ ಮರಳುತ್ತದೆ. ಅದನ್ನು ಉಂಡು ಅಂತರಗಂಗೆಯೂ ಪಾಚಿಯೂ ಹಬ್ಬುತ್ತವೆ. ಕೊಯ್ದು ಹೊರಗೆ ಒಯ್ದರೆ ಅಷ್ಟು ರಂಜಕ ಕೆರೆಯ ಲೆಕ್ಕದಿಂದ ಕಳೆದಂತೆ. ಗೊಬ್ಬರದ ಗುಂಡಿಗೆ ಹಾಕಬಹುದು, ತೋಟಕ್ಕೆ ಮುಚ್ಚಿಗೆ ಮಾಡಬಹುದು, ಚಾಪೆ ಹೆಣೆಯುವವರಿಗೆ ಕೊಡಬಹುದು.

ಜೊಂಡನ್ನು ಶತ್ರುವೆಂದು ಮಾತ್ರ ತಿಳಿಯಬೇಡ. ನಮ್ಮ ನಾಗಪುರದ್ದೇ ಆದ ನೀರಿ ಸಂಸ್ಥೆ, ಅಂದರೆ 1958ರಲ್ಲಿ ಶುರುವಾದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಫೈಟೋರಿಡ್ ಎಂಬ ವಿಧಾನ ರೂಪಿಸಿದೆ. ಕಲ್ಲುಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು, ಲಾಳದ ಹುಲ್ಲಿನಂಥ ಜೌಗು ಗಿಡಗಳನ್ನು ನೆಟ್ಟು, ಅವುಗಳ ಬೇರಿನ ನಡುವೆ ಕೊಳಚೆ ನೀರು ಹಾಯಿಸಿ ಶುದ್ಧಮಾಡುವ ವಿಧಾನ ಅದು. ನಿಮ್ಮ ಕೆರೆಯಲ್ಲೂ ಚರಂಡಿ ಬಂದು ಸೇರುವ ಬಾಯಿಯಲ್ಲಿ ಜೊಂಡು ಅದೇ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತಿದೆ. ಆ ಜಾಗದ್ದನ್ನು ಉಳಿಸಿ, ಆಗಾಗ ಕೊಯ್ಯುತ್ತಿರಿ. ಚರಂಡಿ ನಿಲ್ಲದೆ ಜೊಂಡು ನಿಲ್ಲುವುದಿಲ್ಲ. ಕುಡುಗೋಲಿನ ಜೊತೆಗೆ ಮಹಾನಗರಪಾಲಿಕೆಗೆ ಕೊಡುವ ಅರ್ಜಿಯೂ ನಿಮ್ಮ ಕೈಯಲ್ಲಿರಲಿ.

ಕೆರೆಯಂಚಿನಲ್ಲಿ ಜೊಂಡು ಒಂದೇ ಇಲ್ಲ ಎಂಬುದನ್ನೂ ಮರೆಯಬೇಡ. ಬೆಂಕಿಗೆ ಪ್ರತಿಯೊಂದು ಗಿಡದ ಉತ್ತರವೂ ಬೇರೆ. ನಾಗಪುರದ ಬೇಸಿಗೆಯಲ್ಲಿ ತಂಪಿಗೆಂದು ಮನೆಮನೆಗೆ ಬರುವ ಲಾವಂಚ, ಇವರ ವಾಳಾ, ಹುಟ್ಟುವುದು ಇಂಥ ತೇವದ ನೆಲದಲ್ಲೇ. ಅದರ ಬುಡದ ಮೊಗ್ಗು ಮಣ್ಣಿನೊಳಗಿರುವುದರಿಂದ ಸುಟ್ಟರೂ ಮತ್ತೆ ಚಿಗುರುತ್ತದೆ. ತಾವರೆ, ನೈದಿಲೆಗಳ ಗೆಡ್ಡೆ ಕೆಸರಿನಾಳದಲ್ಲಿ ಮಳೆಗಾಗಿ ಕಾಯುತ್ತದೆ. ಒಂದೇ ವರ್ಷ ಬದುಕುವ ಸಣ್ಣ ಜೇಕುಗಳು ಜೊಂಡಿನ ನೆರಳು ಸರಿದರೆ ಬೀಜದಿಂದ ಎದ್ದು ಬರುತ್ತವೆ. ಬೆಂಕಿಯಿಂದ ಲಾಭ ಪಡೆಯುವ ಬಡಪಾಯಿಗಳು ಅವು. ಆದರೆ ದಡದ ಹೊಳೆಮತ್ತಿ, ನೇರಳೆಯ ಸಸಿಗಳ ಮೊಗ್ಗು ನೆಲದ ಮೇಲಿರುತ್ತದೆ, ತೊಗಟೆ ತೆಳ್ಳಗಿರುತ್ತದೆ. ವರ್ಷ ವರ್ಷವೂ ಸುಟ್ಟರೆ ಅವು ಮರವಾಗುವುದೇ ಇಲ್ಲ. ಗಿಡದ ಮೊಗ್ಗು ಎಲ್ಲಿದೆ ಎಂದು ನೋಡಿದರೆ ಬೆಂಕಿಗೆ ಅದರ ಉತ್ತರ ಏನೆಂದು ಅರ್ಧ ಗೊತ್ತಾಗುತ್ತದೆ. ಒಂದು ಬೆಳಗ್ಗೆ ಎಲ್ಲರೂ ಕೂತು ನಿಮ್ಮ ಕೆರೆಯ ಗಿಡಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಕಿತ್ತು ಬುಡ ನೋಡಿ. ಪುಸ್ತಕಕ್ಕಿಂತ ಹೆಚ್ಚು ಕಲಿಯುತ್ತೀರಿ.

ಜೀವಿಗಳ ಲೆಕ್ಕವೂ ಇದೆ. ಚಳಿಗಾಲದಲ್ಲಿ ವಲಸೆ ಬರುವ ಜೌಗು ಸೆಳೆವ ಹಕ್ಕಿಗೆ ಜೊಂಡು ರಾತ್ರಿಯ ತಂಗುದಾಣ. ಜಂಬುಕೋಳಿ, ದೇವನಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಬೇಸಿಗೆಯಲ್ಲಿ ಆಮೆ, ಕಪ್ಪೆ, ಬಸವನಹುಳು ಒಣಗುವ ಕೆಸರಿನೊಳಗೆ ಸೇರಿಕೊಳ್ಳುತ್ತವೆ. ಆದ್ದರಿಂದ ಒಮ್ಮೆಗೇ ಇಡೀ ಕೆರೆಗೆ ಕೈಹಾಕಬೇಡಿ. ಮೂರು ಪಾಲು ಮಾಡಿ. ವರ್ಷಕ್ಕೆ ಒಂದು ಪಾಲು ಕೊಯ್ಯಿರಿ, ಎರಡು ಪಾಲು ಬಿಡಿ. ಮಳೆಗಾಲದ ಎರಡನೇ ಕೊಯ್ಲಿಗೆ ಮುಂಚೆ ಗೂಡುಗಳಿವೆಯೇ ನೋಡಿ, ಇದ್ದ ಕಡೆ ಕುಡುಗೋಲು ಕೆಳಗಿಡಿ.

ದೊಡ್ಡಪ್ಪ ಬೆಂಕಿಯ ವಿರೋಧಿ ಎಂದುಕೊಳ್ಳಬೇಡ. ಬೆಂಕಿಯನ್ನು ಬಲ್ಲವರ ಕೈಯಲ್ಲಿ ಅದು ಒಳ್ಳೆಯ ಸಾಧನ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ತರಗು ಬೆಂಕಿ ಕೊಡುತ್ತಿದ್ದರು. ಬೇಸಿಗೆ ಬಲಿಯುವ ಮುನ್ನ, ನೆಲದ ತರಗೆಲೆ ಮಾತ್ರ ಉರಿದು ಆರಿಹೋಗುವಂಥ ಸಣ್ಣ ಬೆಂಕಿ. ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನೂ ಪೊದೆಗಳನ್ನೂ ಅದು ಹತೋಟಿಯಲ್ಲಿಡುತ್ತಿತ್ತು ಎಂದು ಅವರು ಹೇಳುತ್ತಾರೆ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು, ಆ ಬೆಂಕಿ ನಿಂತಿತು, ಲಂಟಾನ ಕಾಡನ್ನೆಲ್ಲ ಆವರಿಸಿತು. ಲಂಟಾನ ತುಂಬಿದ ಕಾಡಿಗೆ ಇಂದು ಬೆಂಕಿ ಬಿದ್ದರೆ ಅದು ಹಳೆಯ ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ತಲೆಯವರೆಗೆ ಏರುತ್ತದೆ. ಅಸ್ಸಾಮಿನ ಕಾಜಿರಂಗದಲ್ಲಿ ಚಳಿಗಾಲದ ಕೊನೆಗೆ ಅರಣ್ಯ ಸಿಬ್ಬಂದಿ ಎತ್ತರದ ಹುಲ್ಲಿಗೆ ಬೆಂಕಿ ಕೊಡುತ್ತಾರೆ. ಕೊಡದಿದ್ದರೆ ಹುಲ್ಲುಗಾವಲು ನಿಧಾನಕ್ಕೆ ಮರಗಾಡಾಗುತ್ತದೆ, ಘೇಂಡಾಮೃಗಕ್ಕೆ ಎಳೆಹುಲ್ಲು ಸಿಗುವುದಿಲ್ಲ. ಆದರೆ ಅದೇ ಅಸ್ಸಾಮಿನ ಮಾನಸದ ಕುಬ್ಜ ಹಂದಿಗೆ ಬದುಕಲು ಸುಡದ ಎತ್ತರದ ಹುಲ್ಲೇ ಬೇಕು. ಒಂದಕ್ಕೆ ಊಟವಾದ ಬೆಂಕಿ ಇನ್ನೊಂದಕ್ಕೆ ಮನೆ ಸುಟ್ಟಂತೆ. ಅದಕ್ಕೇ ತುಂಡು ತುಂಡಾಗಿ, ಸರದಿಯಲ್ಲಿ ಸುಡುವುದು ಜಾಣತನ.

ಏನೂ ಬೇಡವೆಂದು ಕೈಕಟ್ಟಿ ಕೂರುವುದೂ ಉತ್ತರವಲ್ಲ. ಭರತಪುರದ ಕೇವಲಾದೇವ ಉದ್ಯಾನದಲ್ಲಿ 1982ರಲ್ಲಿ ಹಳ್ಳಿಯವರ ಎಮ್ಮೆಗಳನ್ನು ಪೂರ್ತಿ ತಡೆದರು. ಹಕ್ಕಿಗಳಿಗೆ ಒಳ್ಳೆಯದಾಗಲೆಂಬುದೇ ಉದ್ದೇಶ. ಎಮ್ಮೆಯ ಬಾಯಿ ಹೋದ ಮೇಲೆ ಪಾಸ್ಪಾಲಂ ಎಂಬ ನೀರುಹುಲ್ಲು ಜೌಗನ್ನೇ ಮುಚ್ಚಿತು. ಬಾತು, ಕೊಕ್ಕರೆಗಳಿಗೆ ಬೇಕಾದ ತೆರೆದ ನೀರು ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಇದನ್ನು ಎತ್ತಿ ತೋರಿಸಿತು. ಮೇಯುವುದು, ಕೊಯ್ಯುವುದು, ಸುಡುವುದು, ಮುಳುಗಿಸುವುದು ಇವೆಲ್ಲ ಜೌಗಿಗೆ ಹೊಸದಲ್ಲ. ಯಾವುದು, ಎಲ್ಲಿ, ಯಾವಾಗ ಎಂಬುದೇ ಪ್ರಶ್ನೆ.

ತಿಳಿದು ಮಾಡಿದ ಕೆರೆಯ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ನೀನು ಬಹಳ ದೂರ ಹೋಗಬೇಕಾಗಿಲ್ಲ. ಭಂಡಾರಾ, ಗೊಂದಿಯಾ ಜಿಲ್ಲೆಗಳಿಗೆ ಹೋಗು. ಕೊಹಳಿ ಸಮುದಾಯದವರು ಶತಮಾನಗಳ ಹಿಂದೆ ಕಟ್ಟಿದ, ಜನ ಮಾಲಗುಜಾರಿ ಕೆರೆ ಎಂದು ಕರೆಯುವ ಸಾವಿರಾರು ಕೆರೆಗಳು ಅಲ್ಲಿವೆ. ಹಲವು ಕೆರೆಗಳಲ್ಲಿ ಬೇಶರಮ್ ಗಿಡ ತುಂಬಿಕೊಂಡು ಮೀನು ಕಡಿಮೆಯಾಗಿತ್ತು. ತುಂಡು ಬಿದ್ದಲ್ಲೆಲ್ಲ ಬೇರು ಬಿಡುವ ಆ ಗಿಡ ಬೆಂಕಿಗೆ ಜಗ್ಗುವುದಲ್ಲ. ಭಂಡಾರಾ ನಿಸರ್ಗ ವ ಸಂಸ್ಕೃತಿ ಅಭ್ಯಾಸ ಮಂಡಳದವರು ಮೀನುಗಾರ ಢೀವರ ಜನರ ಜೊತೆ ಸೇರಿ ಅದನ್ನು ಕಿತ್ತರು, ಬೇಸಿಗೆಯಲ್ಲಿ ಕೆರೆಯಂಗಳ ಉತ್ತರು, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಊರಿನದೇ ನೀರುಗಿಡಗಳನ್ನು ತಂದು ನೆಟ್ಟರು. ಯಾವ ಮೀನು ಯಾವ ಗಿಡದಡಿ ಮೊಟ್ಟೆಯಿಡುತ್ತದೆಂದು ಢೀವರ ಹಿರಿಯರಿಗೆ ಗೊತ್ತಿತ್ತು. ಕಿತ್ತ ಜಾಗವನ್ನು ಖಾಲಿ ಬಿಡದೆ ಬೇಕಾದ ಗಿಡದಿಂದ ತುಂಬುವುದೇ ಅವರ ಕೆಲಸದ ಜೀವಾಳ. ಖಾಲಿ ಬಿಟ್ಟರೆ ಜೊಂಡೋ ಬೇಶರಮ್ಮೋ ಮತ್ತೆ ಬರುತ್ತದೆ.

ಕಾನೂನನ್ನೂ ತಿಳಿದಿರು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೇ ಕಲಮು, ಮೀಸಲು ಅರಣ್ಯದಲ್ಲಿ ಹಚ್ಚುವುದನ್ನು 1927ರ ಅರಣ್ಯ ಕಾಯಿದೆ ನಿಷೇಧಿಸುತ್ತವೆ. ಊರ ಕೆರೆಯ ಜೊಂಡಿನೊಳಗೆ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ಬಯಲಲ್ಲಿ ಕಸ ಸುಟ್ಟರೆ 2016ರ ಹಸಿರು ನ್ಯಾಯಮಂಡಳಿಯ ಆದೇಶ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ದಂಡಕ್ಕಿಂತ ದೊಡ್ಡದು ಆ ಹೊಗೆ ಕುಡಿಯುವ ದಡದ ಗುಡಿಸಲುಗಳ ಮಕ್ಕಳ ಎದೆ. ಎಂದಾದರೂ ಬೆಂಕಿ ನಿಜಕ್ಕೂ ಬೇಕೆನಿಸಿದರೆ ಅನುಮತಿ ಪಡೆದು, ಅರಣ್ಯ ಇಲಾಖೆಯ ಅನುಭವಿಗಳ ಕೈಯಲ್ಲೇ ಕೊಡಿಸು. ಗಾಳಿ ಯಾವ ಕಡೆಯದು, ತೇವ ಎಷ್ಟು, ಬೆಂಕಿ ಎಲ್ಲಿ ನಿಲ್ಲಬೇಕು ಎಂಬುದನ್ನು ಹಚ್ಚುವ ಮೊದಲೇ ತೀರ್ಮಾನಿಸಿರಬೇಕು.

ಇನ್ನು ಕೊನೆಯ ಮಾತು. ಒಂದು ದಿನದ ಉತ್ಸಾಹಕ್ಕೆ ಬೆಂಕಿ ಹೇಳಿಮಾಡಿಸಿದ್ದು. ಫಲ ಕೂಡಲೇ ಕಣ್ಣಿಗೆ ಕಾಣುತ್ತದೆ. ಕೆರೆಯ ಕೆಲಸಕ್ಕೆ ವರ್ಷಗಳು ಬೇಕು. ದಡದಲ್ಲಿ ಅಳತೆಯ ಗೂಟ ನೆಟ್ಟು ವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡು. ಕೊಯ್ದ ಪಾಲಿನಲ್ಲೂ ಕೊಯ್ಯದ ಪಾಲಿನಲ್ಲೂ ಒಂದೊಂದು ಚದರ ಮೀಟರ್ ಗುರುತಿಸಿ, ಎಷ್ಟು ಚಿಗುರು ಬಂತು, ಯಾವ ಹೊಸ ಗಿಡ ಬಂತು, ಎಣಿಸು. ಮೂರು ಮಳೆಗಾಲ ಹೀಗೆ ಬರೆದರೆ ನಿಮ್ಮ ಕೆರೆಯ ಬಗ್ಗೆ ನಿಮಗೆ ಗೊತ್ತಿರುವಷ್ಟು ಯಾವ ಇಲಾಖೆಗೂ, ಯಾವ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಆಗ ಬೆಂಕಿ ಬೇಕೋ ಬೇಡವೋ ಎಂದು ನನ್ನನ್ನು ಕೇಳಬೇಕಾಗಿಲ್ಲ. ಮುಂದೆ ಬರುವ ಹುಡುಗರು ನಿನ್ನನ್ನು ಕೇಳುತ್ತಾರೆ, ಉತ್ತರ ನಿನ್ನ ಪುಸ್ತಕದಲ್ಲಿರುತ್ತದೆ.

ಈ ಫೆಬ್ರವರಿಯಲ್ಲಿ ಕಡ್ಡಿ ಗೀರಬೇಡ. ಗೂಟ ನೆಡು.

ಆಶೀರ್ವಾದಗಳೊಂದಿಗೆ,
ದೊಡ್ಡಪ್ಪ